ರಟ್ಟಿನ ಬೆನ್ನಿನ ಬರಹ

ವಿಜಯನಗರದ ಹಳೆಯ ಮನೆಯೊಂದರ ದೇವರ ಕೋಣೆಯಲ್ಲಿ, ತೀರ್ಥಂಕರರ ಪಟಗಳಿಗಿಂತ ತುಸು ಕೆಳಗೆ, ಹಿರಿಯರೊಬ್ಬರ ಭಾವಚಿತ್ರ ನಲವತ್ತು ವರ್ಷಗಳಿಂದ ಗಂಧದ ಹಾರ ಧರಿಸಿ ನಿಂತಿತ್ತು. ತಲೆಗೆ ರುಮಾಲು, ಮೈಗೆ ಉದ್ದನೆಯ ಅಂಗಿ, ಕುರ್ಚಿಯ ಬೆನ್ನಿನ ಮೇಲೆ ಇರಿಸಿದ ಎಡಗೈ; ವಯಸ್ಸು ಮೂವತ್ತರ ಆಸುಪಾಸು. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, ಎಂದರೆ 1876-78ರಲ್ಲಿ, ರಾಯಚೂರು ಸೀಮೆಯ ತಮ್ಮೂರಿನಲ್ಲಿ ಹಗೇವು ತೆರೆಸಿ ಹಸಿದವರಿಗೆ ಜೋಳ ಅಳೆದುಕೊಟ್ಟ ಮುತ್ತಜ್ಜ ಇವರೇ ಎಂದು ಮನೆತನದವರೆಲ್ಲರ ನಂಬಿಕೆ. ಬರ ಹಿಂಗಿದ ವರ್ಷ ಅವರು ರೈಲಿನಲ್ಲಿ ಸಿಕಂದರಾಬಾದಿಗೆ ಹೋಗಿ ಈ ಚಿತ್ರ ತೆಗೆಸಿಕೊಂಡರಂತೆ. ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದದ್ದು 1874ರಲ್ಲಿ. ಆದುದರಿಂದ ಕಥೆಯ ಆ ಭಾಗಕ್ಕೆ ಬಾಧಕವಿಲ್ಲ.

ಊರಿನ ಬಸದಿಯ ಜೀರ್ಣೋದ್ಧಾರದ ಸ್ಮರಣಸಂಚಿಕೆಗೆ ಈ ಚಿತ್ರ ಬೇಕೆಂದು ಅಲ್ಲಿನ ಹಿರಿಯರು ಕೇಳಿ ಕಳುಹಿಸಿದರು. ಅಡಿಬರಹವನ್ನೂ ಅವರೇ ಸಿದ್ಧಪಡಿಸಿದ್ದರು: ‘ಬರಗಾಲದ ಅನ್ನದಾತರು, 1878.’ ಚಿತ್ರವನ್ನು ಕಾಪಾಡಿಕೊಂಡು ಬಂದಿದ್ದ ಅಕ್ಕ ಅದನ್ನು ರಾಜಾಜಿನಗರದಲ್ಲಿದ್ದ ತಮ್ಮನಿಗೆ ಒಪ್ಪಿಸಿದರು. ತಮ್ಮನೆಂದರೂ ಎಪ್ಪತ್ತು ದಾಟಿದವರು; ಆಯುಷ್ಯವೆಲ್ಲ ಪರರ ಲೆಕ್ಕಪತ್ರಗಳನ್ನು ತನಿಖೆ ಮಾಡಿ ನಿವೃತ್ತರಾದವರು. ಚೀಟಿಯಿಲ್ಲದ ಖರ್ಚನ್ನು ಒಪ್ಪಿದವರಲ್ಲ.

ಚೌಕಟ್ಟು ಬಿಚ್ಚಿಸಿದಾಗ ಒಳಗಿನಿಂದ ದಪ್ಪ ರಟ್ಟಿಗೆ ಅಂಟಿಸಿದ ಚಿತ್ರ ಹೊರಬಂದಿತು. ರಟ್ಟು ನಾಲ್ಕೂಕಾಲು ಅಂಗುಲ ಅಗಲ, ಆರೂವರೆ ಅಂಗುಲ ಉದ್ದ. 1866ರಲ್ಲಿ ಇಂಗ್ಲೆಂಡಿನಲ್ಲಿ ರೂಢಿಗೆ ಬಂದು ಬೇಗನೆ ಲೋಕವೆಲ್ಲ ಹಬ್ಬಿದ ‘ಕ್ಯಾಬಿನೆಟ್ ಕಾರ್ಡ್’ ಎಂಬುದರ ಅಳತೆ ಇದು. ಮೂಲೆಗಳು ದುಂಡಾಗಿದ್ದವು; ಅಂಚನ್ನು ಓರೆಯಾಗಿ ಕತ್ತರಿಸಿ ಚಿನ್ನದ ಬಣ್ಣ ಹಚ್ಚಲಾಗಿತ್ತು. 1870ರ ದಶಕದ ಆರಂಭದವರೆಗೂ ಮೂಲೆಗಳು ಚೂಪಾಗಿರುತ್ತಿದ್ದವು, ಚಿನ್ನದ ಓರೆ ಅಂಚು 1880ರ ದಶಕದಲ್ಲಿ ಹೆಚ್ಚಾಯಿತು ಎಂದು ಬಲ್ಲವರು ಹೇಳುತ್ತಾರೆ. ಆದರೆ ಇವು ಯೂರೋಪಿನ ಲಕ್ಷಣಗಳು. ಇಲ್ಲಿನ ಛಾಯಾಗ್ರಾಹಕರು ಹಡಗಿನಲ್ಲಿ ತರಿಸಿದ ರಟ್ಟನ್ನು ಮುಗಿಯುವವರೆಗೂ ಬಳಸುತ್ತಿದ್ದರೆಂಬುದನ್ನು ಮರೆತು ತೀರ್ಪು ಕೊಡುವುದು ದುಡುಕಾದೀತು.

ತೀರ್ಪು ಇದ್ದದ್ದು ರಟ್ಟಿನ ಬೆನ್ನಿನಲ್ಲಿ. ಬಳ್ಳಿಗಳ ಅಲಂಕಾರದ ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ‘ರಾಜಾ ದೀನ್ ದಯಾಳ್ ಅಂಡ್ ಸನ್ಸ್, ಸಿಕಂದರಾಬಾದ್, ಬೊಂಬಾಯಿ’ ಎಂದು ಅಚ್ಚಾಗಿತ್ತು.

ಈ ದೀನ್ ದಯಾಳರು ಮೀರತ್ ಸಮೀಪದ ಸರ್ಧನಾ ಎಂಬಲ್ಲಿ 1844ರಲ್ಲಿ ಜೈನ ಮನೆತನದಲ್ಲಿ ಹುಟ್ಟಿದವರು. ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆ ಸೇರಿದರು. ನಕ್ಷೆ ಬರೆಯುವುದು, ಅಂದಾಜು ಕಟ್ಟುವುದು ಅವರ ಉದ್ಯೋಗ. ಕ್ಯಾಮೆರಾ ಕೈಗೆ ಬಂದದ್ದು 1874ರ ಸುಮಾರಿಗೆ. ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದದ್ದು 1880ರ ದಶಕದ ನಡುವಿನಲ್ಲಿ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಅವರಿಗೆ ‘ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್’ ಎಂಬ ಬಿರುದು ನೀಡಿದ್ದು 1894ರಲ್ಲಿ. ಅಲ್ಲಿಯವರೆಗೆ ಅವರು ಲಾಲಾ ದೀನ್ ದಯಾಳರು. ಬೊಂಬಾಯಿಯ ಶಾಖೆ 1896ರದು. ಅವರು ತೀರಿಕೊಂಡದ್ದು 1905ರಲ್ಲಿ; ಬಳಿಕವೂ ಮನೆಯವರು ಅದೇ ಹೆಸರಿನಲ್ಲಿ ಉದ್ಯೋಗ ನಡೆಸಿದರು. ಅಂತಃಪುರದ ಸ್ತ್ರೀಯರಿಗಾಗಿ 1892ರಲ್ಲಿ ಹೈದರಾಬಾದಿನಲ್ಲಿ ಇಂಗ್ಲಿಷ್ ಮಹಿಳೆಯೊಬ್ಬರ ಕೈಕೆಳಗೆ ಪ್ರತ್ಯೇಕ ಜನಾನಾ ಸ್ಟುಡಿಯೊವನ್ನೂ ತೆರೆದಿದ್ದರು. ಆದರೆ ವಿಜಯನಗರದ ಆ ಮನೆತನದಲ್ಲಿ ಮುತ್ತಜ್ಜಿಯ ಚಿತ್ರ ಯಾರ ಬಳಿಯೂ ಇಲ್ಲ. ಅವರ ಹೆಸರು ಸಹ ಅಕ್ಕನವರೊಬ್ಬರಿಗೆ ಮಾತ್ರ ನೆನಪಿದೆ.

ಲೆಕ್ಕ ಸರಳವಾಗಿತ್ತು. ‘ರಾಜಾ’ ಎಂಬ ಬಿರುದು, ಬೊಂಬಾಯಿಯ ವಿಳಾಸ, ಎರಡೂ ಇರುವ ರಟ್ಟು 1896ಕ್ಕಿಂತ ಹಿಂದಿನದಾಗಲಾರದು. 1877ರಲ್ಲಿ ಊರಿಗೆ ಜೋಳ ಹಂಚಿದ ಯಜಮಾನರು ಆ ಹೊತ್ತಿಗೆ ಐವತ್ತನ್ನು ಸಮೀಪಿಸಿರಬೇಕು. ಚಿತ್ರದಲ್ಲಿರುವವರ ಗಡ್ಡದಲ್ಲಿ ಒಂದು ಬಿಳಿಯ ಎಳೆಯೂ ಇಲ್ಲ.

ಹಾಗಾದರೆ ಇವರು ಯಾರು? ತಮ್ಮನಿಗೆ ಹೊಳೆದ ಉತ್ತರ ಹಿತವಾದುದಾಗಿರಲಿಲ್ಲ. ಮುತ್ತಜ್ಜನ ಮಗ, ಎಂದರೆ ಇವರ ಸ್ವಂತ ಅಜ್ಜ, ಆ ಕಾಲಕ್ಕೆ ಮೂವತ್ತರ ಪ್ರಾಯದವರು. 1899-1900ರ ಬರದಲ್ಲಿ ಅದೇ ಹಗೇವಿನ ಬಾಯಿ ಮುಚ್ಚಿಟ್ಟು ಜೋಳದ ಧಾರಣೆ ಏರುವುದನ್ನು ಕಾದರೆಂದು ಅವರ ಬಗೆಗೆ ಒಂದು ಮಾತು ಮನೆತನದಲ್ಲಿ ಮೆಲ್ಲನೆ ಸುಳಿದಾಡುತ್ತಿತ್ತು. ಮುತ್ತಜ್ಜನ ಹೆಸರನ್ನು ಮೂವರು ಮಕ್ಕಳಿಗೆ ಇಟ್ಟಿದ್ದಾರೆ. ಅಜ್ಜನ ಹೆಸರನ್ನು ಯಾರಿಗೂ ಇಟ್ಟಿಲ್ಲ.

ಅಕ್ಕನ ಮೊಮ್ಮಗಳು ಒಂದು ದಾರಿ ತೋರಿಸಿದಳು. ಹಳೆಯ ಚಿತ್ರವನ್ನೇ ಮರಳಿ ಚಿತ್ರಿಸಿ ಹೊಸ ರಟ್ಟಿಗೆ ಅಂಟಿಸಿರಬಹುದಲ್ಲವೇ? ಪ್ರಶ್ನೆ ನ್ಯಾಯವಾದುದೇ, ಸ್ಟುಡಿಯೊಗಳು ಆ ಕೆಲಸವನ್ನೂ ಮಾಡುತ್ತಿದ್ದವು. ತಮ್ಮ ರಾಜಾಜಿನಗರದ ಗಡಿಯಾರ ದುರಸ್ತಿಯವನಿಂದ ಕಣ್ಣಿಗೆ ಸಿಕ್ಕಿಸುವ ಮಸೂರವನ್ನು ಎರವಲು ತಂದು ಕಿಟಕಿಯ ಬೆಳಕಿನಲ್ಲಿ ನೋಡಿದರು. ನಕಲಾಗಿದ್ದರೆ ವಿವರಗಳು ಮಸುಕಾಗಬೇಕಿತ್ತು. ಇಲ್ಲಿ ಅಂಗಿಯ ಹೊಲಿಗೆ ಒಂದೊಂದಾಗಿ ಎಣಿಸುವಂತಿತ್ತು.

ಅದೇ ಮಸೂರ ಇನ್ನೊಂದನ್ನೂ ತೋರಿಸಿತು. ಹೊಳಪಿನ ಪದರದ ಕೆಳಗೆ ಕಾಗದದ ನಾರುಗಳು ಕಾಣುತ್ತಿದ್ದವು. ಪದರದ ತುಂಬ ಕೂದಲೆಳೆಯ ಬಿರುಕುಗಳು. ಬಿಳಿಯಾಗಿರಬೇಕಾದ ಕಡೆ ಹಳದಿ. ಇವು ಆಲ್ಬುಮೆನ್ ಕಾಗದದ ಗುರುತುಗಳು. ಆಲ್ಬುಮೆನ್ ಎಂದರೆ ಕೋಳಿಮೊಟ್ಟೆಯ ಬಿಳಿಯ ಲೋಳೆ. 1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ ಈ ಕ್ರಮವನ್ನು ಬೆಳಕಿಗೆ ತಂದ ಮೇಲೆ ನಾಲ್ಕು ದಶಕ ಲೋಕದ ಬಹುಪಾಲು ಭಾವಚಿತ್ರಗಳು ಇದರ ಮೇಲೆಯೇ ಮೂಡಿದವು. 1888ರಲ್ಲಿ ಡ್ರೆಸ್ಡನ್ನಿನ ಒಂದೇ ಕಾರ್ಖಾನೆ ಅರವತ್ತು ಲಕ್ಷಕ್ಕೂ ಮೀರಿ ಮೊಟ್ಟೆಗಳನ್ನು ಬಳಸಿತು. ಅನಂತರ ಬಂದ ಜೆಲಟಿನ್ ಕಾಗದ ಇನ್ನೂ ಕಠಿಣ; ಅದು ಪಶುಗಳ ಮೂಳೆ, ಚರ್ಮಗಳಿಂದ ತೆಗೆದ ಸರಿ. ಫಿಲ್ಮಿನ ಕಾಲ ಮುಗಿಯುವವರೆಗೂ ನಮ್ಮ ಮದುವೆಯ ಚಿತ್ರಗಳೆಲ್ಲ ಅದರವೇ.

ಅಡಿಬರಹದ ವಿಷಯದಲ್ಲಿ ಅವರಿಗೆ ಸಂದೇಹವಿರಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಪತ್ರ ಬರೆಯುವುದನ್ನು, ಎಣಿಸಿದೆ. ‘1878’ ಎಂದು ಅಚ್ಚು ಹಾಕಿಸುವುದು ಅದರ ಸಾಲಿಗೇ ಸೇರುತ್ತದೆ. ಕೇಳದ ಅಕ್ಕನಿಗೆ ಮೊಟ್ಟೆಯ ಮಾತನ್ನು ಹೇಳಬೇಕೆ ಎಂಬುದೇ ಅವರನ್ನು ಕಾಡಿತು. ಮೌನವಾಗಿದ್ದರೆ ಸುಳ್ಳಾಡಿದಂತಾಗದು, ಆದರೆ ಗೊತ್ತಿಲ್ಲದೆ ಅದನ್ನು ದೇವರ ಕೋಣೆಯಲ್ಲಿ ಇಟ್ಟಿರುವವರಿಗೆ ಗೊತ್ತಿದ್ದವನು ಹೇಳದಿರುವುದು ಯಾವ ಮೈತ್ರಿ? ಎಂಟು ದಿನ ತಡೆದು ಹೇಳಿದರು, ಎರಡನ್ನೂ.

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಗೇವು ತೆರೆದದ್ದೂ ಸುಳ್ಳೇನೋ ತಮ್ಮಾ?” ಎಂದರು.

“ಅದಲ್ಲಕ್ಕಾ. ಚಿತ್ರ ಅದಕ್ಕ ಸಾಕ್ಷಿ ಆಗೂದಿಲ್ಲ, ಅಷ್ಟೇ.”

“ಇಷ್ಟು ವರ್ಷ ನಾ ಹಾರ ಹಾಕಿದ್ದು ಆ ಇನ್ನೊಬ್ಬರಿಗೇನು?”

“ಇರಬಹುದು. ಖಾತ್ರಿ ಇಲ್ಲ.”

“ನಮ್ಮಪ್ಪನ ಅಪ್ಪನೇ ಅಲ್ಲೇನು ಅವರೂ,” ಎಂದ ಅಕ್ಕ ಹಾರ ತೆಗೆಯಲಿಲ್ಲ. ಆದರೆ ಮರುದಿನ ಚಿತ್ರ ದೇವರ ಕೋಣೆಯಿಂದ ನಡುಮನೆಗೆ ಬಂದಿತ್ತು.

ಸ್ಮರಣಸಂಚಿಕೆಗೆ ಹೋದ ಬರಹ ಇಷ್ಟು: ‘ಮನೆತನದ ಹಿರಿಯರೊಬ್ಬರು. ರಾಜಾ ದೀನ್ ದಯಾಳ್ ಅಂಡ್ ಸನ್ಸ್, ಸಿಕಂದರಾಬಾದ್. 1896 ಅಥವಾ ಅನಂತರ.’ ಊರಿನವರಿಗೆ ನಿರಾಸೆಯಾಯಿತು. ಚಿತ್ರವನ್ನು ಒಳಪುಟಕ್ಕೆ ಸರಿಸಿದರು. ಬರಗಾಲದ ದಾನದ ಸಂಗತಿಯನ್ನು ‘ಮನೆತನದ ಹೇಳಿಕೆ’ ಎಂದು ಬೇರೆಯೇ ಅಚ್ಚುಮಾಡಿದರು.

ಮೂಲ ಚಿತ್ರಕ್ಕೆ ಪ್ಲಾಸ್ಟಿಕ್ ಮೆತ್ತಿಸುವ ಸಲಹೆಯನ್ನು ತಮ್ಮ ಒಪ್ಪಲಿಲ್ಲ. ಬಸವೇಶ್ವರನಗರದ ಅಂಗಡಿಯೊಂದರಲ್ಲಿ ನಕಲು ತೆಗೆಸಿ ಚೌಕಟ್ಟಿಗೆ ಹಾಕಿಸಿ, ಮೂಲವನ್ನು ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿಟ್ಟರು. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಅಜ್ಜನ ಹೆಸರು, ಕೆಳಗೆ ಮುತ್ತಜ್ಜನ ಹೆಸರು, ಎರಡರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ. ಮುತ್ತಜ್ಜನ ಹೆಸರು ಮೇಲಿರಲಿ ಎಂದು ಅಕ್ಕ ಹೇಳಿದ್ದರಿಂದ ಅಳಿಸಿ ಮತ್ತೆ ಬರೆದರು. ಚಿಹ್ನೆಗಳನ್ನು ಹಾಗೆಯೇ ಉಳಿಸಿಕೊಂಡರು.