ಆಗುಂಬೆಯ ಮಳೆಯಲ್ಲಿ ಸಿಂಗಳೀಕವನ್ನರಸಿ

ಆಷಾಢದ ಒಂದು ಭಾನುವಾರ ನಸುಕಿನಲ್ಲಿ ನಾವು ಎರಡು ಮನೆಯವರು ಒಂದೇ ವಾಹನದಲ್ಲಿ ಶಿವಮೊಗ್ಗ ಬಿಟ್ಟೆವು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಮಕ್ಕಳಿಗೆಂದು ಎರಡು ಚಿಪ್ಪು ಬಾಳೆಹಣ್ಣು. ಈ ಬಾಳೆಹಣ್ಣಿನ ಮಾತು ಮುಂದೆ ಬರಲಿದೆ. ಇಂಥ ಮಳೆಯಲ್ಲಿ ಘಟ್ಟಕ್ಕೆ ಹೋಗುವವರುಂಟೆ ಎಂದು ಹಿರಿಯರು ಆಕ್ಷೇಪಿಸದೆ ಇರಲಿಲ್ಲ. ಆದರೆ ಸಿಂಗಳೀಕವನ್ನು ಅದರ ಕಾಡಿನಲ್ಲೇ ಕಾಣಬೇಕೆಂಬುದು ನಮ್ಮ ಬಹುದಿನದ ಹಂಬಲ.

ಮಂಡಗದ್ದೆಯಲ್ಲಿ ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಹೊಳೆಯ ನಡುಗಡ್ಡೆಯ ಮರಗಳು ಅರ್ಧ ಮುಳುಗಿದ್ದವು. ಮೇಲಿನ ಕೊಂಬೆಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳ ಸಂಸಾರ ಗಿಜಿಗುಡುತ್ತಿತ್ತು. ನಮಗೆ ಅಡ್ಡಿಯೆನಿಸಿದ ನೀರೇ ಆ ಗೂಡುಗಳಿಗೆ ಕೋಟೆ.

ತೀರ್ಥಹಳ್ಳಿ ದಾಟಿದ ಮೇಲೆ ಮಳೆ ನಿಲ್ಲಲೇ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವುದೆಂದು ಓದಿದ್ದೆವು. ಓದುವುದು ಬೇರೆ, ನೆನೆಯುವುದು ಬೇರೆ. ಸೂರ್ಯಾಸ್ತಕ್ಕೆ ಹೆಸರಾದ ಕಟ್ಟೆಯ ಮೇಲೆ ನಿಂತರೆ ಮಂಜಲ್ಲದೆ ಮತ್ತೇನೂ ಕಾಣಲಿಲ್ಲ. ಕಾಲಿಗೆ ಉಂಬಳ ಹತ್ತಿದ್ದೇ ಲಾಭ!

ಅಲ್ಲಿಂದ ಸೋಮೇಶ್ವರದತ್ತ ಇಳಿಯುವ ಘಾಟಿಗೆ 14 ಕಡಿದಾದ ತಿರುವುಗಳು. ಸಿಂಗಳೀಕ ನಮ್ಮ ಪಶ್ಚಿಮ ಘಟ್ಟದಲ್ಲಲ್ಲದೆ ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಸಿಂಹದಂತೆ ತುದಿಯಲ್ಲಿ ಕುಚ್ಚುಳ್ಳ ಬಾಲ. ಕಾಡಹಣ್ಣು, ಹುಳುಹುಪ್ಪಟೆ ತಿನ್ನುತ್ತ ಮರದ ನೆತ್ತಿಯಲ್ಲೇ ಬಾಳುವ ಪ್ರಾಣಿ. ಆದ್ದರಿಂದ ನಾವೆಲ್ಲ ಕತ್ತೆತ್ತಿ ಮರಗಳನ್ನೇ ನೋಡುತ್ತಿದ್ದೆವು.

ಅದು ಕಂಡದ್ದು ರಸ್ತೆಯ ಅಂಚಿನ ಗೋಡೆಯ ಮೇಲೆ. ತೊಯ್ದು ಮುದ್ದೆಯಾದ ತಾಯಿ, ಹೊಟ್ಟೆಗವಚಿದ ಮರಿ. ನಿಂತ ವಾಹನಗಳತ್ತ ಕೈ ಚಾಚಿ ಕುಳಿತಿತ್ತು. ನಮ್ಮ ಹುಡುಗ ಕಿಟಕಿಯಿಂದ ಹಣ್ಣು ನೀಡಿದ. "ಕೊಡು ಮಗು, ಪುಣ್ಯ ಬರುತ್ತದೆ" ಎಂದವರು ನಾವೇ. ತಾಯಿ ಕೆಳಗಿಳಿದು ರಸ್ತೆಯ ನಡುವೆ ಬರುವುದಕ್ಕೂ ಕೆಳಗಿನ ತಿರುವಿನಿಂದ ಒಂದು ವಾಹನ ಏರಿ ಬರುವುದಕ್ಕೂ ಸರಿಹೋಯಿತು. ಕೂದಲೆಳೆಯ ಅಂತರದಲ್ಲಿ ಅದು ಹಿಂದಕ್ಕೆ ಹಾರಿತು. ಹಣ್ಣು ಚಕ್ರದಡಿ ಅಪ್ಪಚ್ಚಿಯಾಯಿತು.

ತೀರ್ಥಹಳ್ಳಿ ಕಡೆಯವನಾದ ನಮ್ಮ ಚಾಲಕ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಇವು ನೆಲಕ್ಕೆ ಇಳಿಯುವ ಜಾತಿಯೇ ಅಲ್ಲ ಮಾರಾಯ್ರೆ. ಇಳಿಸಿದವರು ನಾವು" ಎಂದ. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಒಂದು ಹೆರಿಗೆಗೆ ಸಾಮಾನ್ಯವಾಗಿ ಒಂದೇ ಮರಿ ಹಾಕುವ, ಅದೂ ವರ್ಷಗಳ ಅಂತರದಲ್ಲಿ ಹಾಕುವ ಪ್ರಾಣಿ ಅದೆಂಬುದು ನಮಗೆ ತಿಳಿಯದ ಸಂಗತಿಯೇನಲ್ಲ.

"ಪಾಪ, ಅದಕ್ಕೆ ಹಸಿವಾಗೋದಿಲ್ವಾ ಅಪ್ಪಾಜಿ?" ಎಂದು ಹುಡುಗ ಕೇಳಿದ. ಚಾಲಕ ವಾಹನವನ್ನು ಬದಿಗೆ ನಿಲ್ಲಿಸಿ ಮೇಲೆ ಬೆರಳು ತೋರಿದ. ಮಳೆಯ ಪರದೆಯಾಚೆ, ಎತ್ತರದ ಕೊಂಬೆಯಲ್ಲಿ, ಇನ್ನೊಂದು ಸಿಂಗಳೀಕ ಏನನ್ನೋ ಸುಲಿದು ತಿನ್ನುತ್ತಿತ್ತು. ನಮ್ಮತ್ತ ಅದು ತಿರುಗಿಯೂ ನೋಡಲಿಲ್ಲ.

ಹೆಬ್ರಿಯಲ್ಲಿ ಕುಳಿತು ಉಳಿದ ಬಾಳೆಹಣ್ಣನ್ನು ನಾವೇ ತಿಂದೆವು. ಹಿಂದಿರುಗುವಾಗ ಘಾಟಿಯಲ್ಲಿ ಕಿಟಕಿಗಳನ್ನು ಏರಿಸಿದ್ದೆವು. ಸಿಪ್ಪೆಯ ಚೀಲ ಶಿವಮೊಗ್ಗದವರೆಗೂ ಹುಡುಗನ ತೊಡೆಯ ಮೇಲಿತ್ತು.