ತಲೆಗೂದಲ ಸುಖದುಃಖ

ಸೊಂಟದವರೆಗೆ ಇಳಿದಿದ್ದ ಜಡೆಯನ್ನು ಭುಜದ ಮಟ್ಟಕ್ಕೆ ಕತ್ತರಿಸಿಕೊಂಡು ಬಂದ ಹೆಣ್ಣುಮಗಳ ಮನಸ್ಸನ್ನು ನೀವು ಎಂದಾದರೂ ಊಹಿಸಿದ್ದೀರಾ? ಮೊದಲಿಗೆ ಕತ್ತು ಹಗುರ, ಮನಸ್ಸೂ ಹಗುರ. ಮನೆಯ ಕನ್ನಡಿಯ ಮುಂದೆ ನಿಂತಾಗ ಅದೇ ಮನಸ್ಸು ಕುಗ್ಗುತ್ತದೆ. ಕೈ ತಾನಾಗಿಯೇ ಬೆನ್ನಿನತ್ತ ಹೋಗಿ ಇಲ್ಲದ ಜಡೆಯನ್ನು ಹುಡುಕುತ್ತದೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಕತ್ತರಿಸಿದ 30 ಸೆಂಟಿಮೀಟರ್ ಮರಳಲು ಎರಡೂವರೆ ವರ್ಷ ಬೇಕು. ಆದರೂ ಅದು ತಾನೇ ಬಯಸಿ ಮಾಡಿಕೊಂಡ ಬದಲಾವಣೆ.

ಬಯಸದೆ ಬರುವುದರ ಕಥೆ ಬೇರೆ. ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಕೀಮೋಥೆರಪಿ ಆರಂಭವಾದಾಗ, ಎರಡು ಮೂರು ವಾರಗಳಲ್ಲಿ ಕೂದಲು ಉದುರತೊಡಗುವುದೆಂದು ವೈದ್ಯರು ಮೊದಲೇ ತಿಳಿಸಿದ್ದರು. ಆ ಔಷಧ ವೇಗವಾಗಿ ವಿಭಜನೆಗೊಳ್ಳುವ ಜೀವಕೋಶಗಳನ್ನು ನಾಶಮಾಡುತ್ತದೆ. ಕೂದಲಿನ ಬುಡಕ್ಕೂ ವಿನಾಯಿತಿ ಇಲ್ಲ. ದಿಂಬಿನ ಮೇಲಿನ ಎಳೆಗಳನ್ನು ದಿನವೂ ಆರಿಸುವುದು ಬೇಡವೆಂದು ಅವಳು ಭಾವನ ಕೈಯಲ್ಲೇ ತಲೆ ಬೋಳಿಸಿಕೊಂಡಳು. ಶಸ್ತ್ರಚಿಕಿತ್ಸೆಗೆ ಅಳದವಳು ಅಂದು ಅತ್ತಳು. ಇದನ್ನು ಸೌಂದರ್ಯದ ಮೋಹವೆನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಒಳಗಿನ ಕಾಯಿಲೆಯನ್ನು ಬೋಳುತಲೆ ಊರಿಗೆಲ್ಲ ಸಾರುತ್ತದೆ. ಅದಕ್ಕೇ ಅವಳು ಬಲಿಪೂಜೆಗೆ ಬಂದಾಗ ಸೆರಗು ಬಿಗಿಯಾಗಿ ಹೊದ್ದು ಕೊನೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದಳು. ಅಂಥವರು ನಿಮ್ಮ ಪಕ್ಕದಲ್ಲಿದ್ದರೆ ದಯಮಾಡಿ ಕನಿಕರದ ಪ್ರಶ್ನೆಗಳನ್ನು ಕೇಳಬೇಡಿ, ಎಂದಿನಂತೆ ಮಾತನಾಡಿಸಿ.

ಚಿಕಿತ್ಸೆ ಮುಗಿದ ಮೇಲೆ ಹುಟ್ಟಿದ ಕೂದಲು ಗುಂಗುರು! ಮೊದಲಿನದು ನೇರವಾಗಿತ್ತು. ಹೀಗಾಗುವುದು ಅಪರೂಪವಲ್ಲವಂತೆ. "ಇದು ಯಾರ ತಲೆಯೇ?" ಎಂದು ನಕ್ಕಳು, ಮರುಗಳಿಗೆ ಮೌನವಾದಳು. ತೆನೆಹಬ್ಬದ ದಿನ ಆ ಗಿಡ್ಡ ಕೂದಲಿಗೇ ಗೇಣುದ್ದದ ಶಂಕರಪುರ ಮಲ್ಲಿಗೆಯನ್ನು ಕ್ಲಿಪ್ಪಿನಿಂದ ಸಿಕ್ಕಿಸಿಕೊಂಡು ಹೊರಟಳು. ದಾರಿಯಲ್ಲಿ ಅದು ಎರಡು ಬಾರಿ ಜಾರಿಬಿತ್ತು.