ಗಂಧೆ ಮತ್ತು ಗುಮಾನಿ

ನಮ್ಮ ಹಾಸನದ ಸೀಮೆಯಲ್ಲಿ ಪಿತ್ತದ ಗಂಧೆಯನ್ನು ಯಾರೂ ದೊಡ್ಡ ಕಾಯಿಲೆಯೆಂದು ಲೆಕ್ಕಕ್ಕಿಡುವುದಿಲ್ಲ. ಮೈಮೇಲೆ ಕೆಂಪಗೆ ದದ್ದು ಎದ್ದರೆ ಹಿತ್ತಲಿನ ದೊಡ್ಡಪತ್ರೆ ಸೊಪ್ಪು ಕಿತ್ತು, ಅಂಗೈಯಲ್ಲಿ ಹಿಸುಕಿ ಉಜ್ಜುತ್ತಾರೆ. ಕರಿಕಂಬಳಿ ಹೊದಿಸುತ್ತಾರೆ. ಗಂಟೆಯೊಳಗೆ ಅಡಗಿದರೆ ಮರೆತುಬಿಡುತ್ತಾರೆ. ನಮ್ಮ ಮನೆಮಾತಿನಲ್ಲಿ ಇದಕ್ಕೆ 'ಪಿತ್ತಿ ಉಛಲ್ನಾ' ಎನ್ನುತ್ತೇವೆ, ಪಿತ್ತ ಒಳಗಿಂದ ಚಿಮ್ಮುವುದು ಎಂದು. ಕನ್ನಡದವರೂ ಉರ್ದುವಿನವರೂ ಒಂದೇ ಪಿತ್ತದ ಮೇಲೆ ದೂರು ಹೊರಿಸಿದ್ದಾರೆ. ಅಕ್ಕಪಕ್ಕದ ಮನೆಗಳ ನಡುವೆ ಸಕ್ಕರೆ, ಬೆಂಕಿಪೊಟ್ಟಣದ ಜೊತೆ ಕಾಯಿಲೆಯ ಹೆಸರೂ ಎರವಲು ಹೋಗಿ ಬಂದಿರಬೇಕು.

ಆದರೆ ಗಂಧೆ ಮರುದಿನವೂ ಎದ್ದರೆ? ಆರು ವಾರ, ಆರು ತಿಂಗಳು ಏಳುತ್ತಲೇ ಇದ್ದರೆ? 2018ರ ಮುಂಗಾರಿನಿಂದ ನಾವು ಇದರೊಂದಿಗೆ ಬಾಳುತ್ತಿದ್ದೇವೆ. ಮಗ್ರಿಬ್ ಹೊತ್ತಿಗೆ ಸೊಂಟದಲ್ಲಿ, ಲಂಗದ ಲಾಡಿ ಬಿಗಿದ ಜಾಗದಲ್ಲಿ ತುರಿಕೆ ಶುರುವಾಗುತ್ತದೆ. ಇಶಾ ನಮಾಝಿನ ಹೊತ್ತಿಗೆ ಬೆನ್ನು, ತೊಡೆ, ತೋಳು ಎಲ್ಲ ಭೂಪಟದಂತೆ ಉಬ್ಬಿರುತ್ತವೆ. ಬೆಳಿಗ್ಗೆ ವೈದ್ಯರೆದುರು ಕೂತರೆ ಚರ್ಮ ನುಣ್ಣಗೆ, ಒಂದು ಕಲೆಯೂ ಇಲ್ಲ! ರಾತ್ರಿ ಕಂಡದ್ದನ್ನು ಹಗಲಿನಲ್ಲಿ ನಂಬಿಸುವುದು ಹೇಗೆ? ಎದ್ದಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಲು ಹೇಳಿಕೊಟ್ಟವಳು ಮಗಳು.

ಕಾರಣ ಹುಡುಕುವ ಕೆಲಸ ಅಡುಗೆಮನೆಯಿಂದ ಆರಂಭವಾಯಿತು. ಮೊದಲು ಬದನೆಕಾಯಿ ಹೋಯಿತು. ಆಮೇಲೆ ಮೊಟ್ಟೆ, ಒಣಮೀನು, ಕಡಲೆಕಾಯಿ, ಹುಣಸೆಹುಳಿ. ಕೊನೆಗೆ ಮಾಂಸವೂ ಹೋಯಿತು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಡಕ್ಕೆ ತಿಂದದ್ದು, ಬಲಕ್ಕೆ ಎದ್ದದ್ದು ಬರೆದೆವು. ಮೂರು ತಿಂಗಳು ಬರೆದ ಮೇಲೆ ತಿಳಿದದ್ದಿಷ್ಟು: ಅನ್ನ, ತಿಳಿಸಾರು ಉಂಡ ದಿನವೂ ಎದ್ದಿದೆ, ವಲೀಮಾದಲ್ಲಿ ಬಿರಿಯಾನಿ ಉಂಡ ರಾತ್ರಿ ಎದ್ದಿಲ್ಲ. ತೂಕ ಮಾತ್ರ ಐದು ಕೆ.ಜಿ. ಇಳಿದಿತ್ತು.

"ನಿಮ್ಮವರು ಉಷ್ಣದ ಪದಾರ್ಥ ಜಾಸ್ತಿ ತಿಂತೀರಲ್ಲ, ಅದಕ್ಕೇ" ಎಂದವರು ಒಬ್ಬಿಬ್ಬರಲ್ಲ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೆ ನಮಗಿಂತ ಮೊದಲಿಂದ ಇದೇ ತುರಿಕೆಯಲ್ಲಿ ಬೇಯುತ್ತಿರುವ ಗೆಳತಿಯೊಬ್ಬರಿದ್ದಾರೆ, ಶಾಲಾ ಶಿಕ್ಷಕಿ, ಲಿಂಗಾಯತರು, ಜನ್ಮದಲ್ಲಿ ಮೊಟ್ಟೆ ಮುಟ್ಟಿದವರಲ್ಲ. ಅವರಿಗೆ ಜನ ಹೇಳಿದ್ದು "ಶಕ್ತಿ ಇರೋ ಊಟ ಮಾಡಲ್ವಲ್ಲ, ಅದಕ್ಕೇ" ಎಂದು. ಇಬ್ಬರೂ ಸೇರಿದಾಗ ತುರಿಸಿಕೊಳ್ಳುತ್ತಲೇ ನಗುತ್ತೇವೆ.

ತವರು ಹೊಳೆನರಸೀಪುರ. ಅಲ್ಲಿಗೆ ಹೋದಾಗ ಅಮ್ಮ ನಮ್ಮನ್ನು ಹಳೆಯ ಪರಿಚಯದ ಹಕೀಮರಲ್ಲಿಗೆ ಕರೆದೊಯ್ದರು. ಅವರು ನಾಡಿ ಹಿಡಿದು, "ಇದು ಶರಾ" ಎಂದರು. ಯುನಾನಿಯಲ್ಲಿ ಇದರ ಹೆಸರೇ ಅದು. ಇಬ್ನ್ ಸೀನಾ ಅವರ 'ಕಾನೂನ್' ಗ್ರಂಥದಲ್ಲೂ ಬರುತ್ತದೆ. ರಕ್ತದ ದೋಷದಿಂದ ಏಳುವುದು ಒಂದು ಬಗೆ, ಕೆಂಪಗಿರುತ್ತದೆ. ಕಫದಿಂದ ಏಳುವುದು ಇನ್ನೊಂದು ಬಗೆ, ಬಿಳಿಚಿಕೊಂಡಿದ್ದು ರಾತ್ರಿ ಜೋರಾಗುತ್ತದೆ. ಆಯುರ್ವೇದದವರು ಶೀತಪಿತ್ತ, ಉದರ್ದ, ಕೋಠ ಎಂದು ವಿಂಗಡಿಸಿ ತಣ್ಣನೆಯ ಗಾಳಿಯನ್ನು ಕಾರಣ ಮಾಡುತ್ತಾರೆ. ಹಕೀಮರ ಶರಬತ್ತನ್ನು ನಲವತ್ತು ದಿನ ಕುಡಿದೆವು. ರುಚಿ ಚೆನ್ನಾಗಿತ್ತು. ಗಂಧೆ ತನ್ನ ಪಾಡಿಗೆ ತಾನಿತ್ತು. ಹೊರಡುವಾಗ ಅವರು ಒಂದು ಸಂಗತಿ ಹೇಳಿದ್ದರು. ಹತ್ತನೇ ಶತಮಾನದ ಆರಂಭದಲ್ಲಿ ತೀರಿಕೊಂಡ ಮಹಾವೈದ್ಯ ಅಲ್ ರಾಝಿ, ಅಬೂ ಝೈದ್ ಬಲ್ಖಿ ಎಂಬ ವಿದ್ವಾಂಸರಿಗೆ ವಸಂತದಲ್ಲಿ ಗುಲಾಬಿ ಮೂಸಿದರೆ ನೆಗಡಿ ಏಕೆ ಬರುತ್ತದೆಂದು ಒಂದು ಪುಸ್ತಿಕೆಯನ್ನೇ ಬರೆದರಂತೆ. ಬಲ್ಖಿಯವರ ಅದೃಷ್ಟ ನೋಡಿ, ಕಾರಣವೂ ಸಿಕ್ಕಿತು, ಅದೂ ಗುಲಾಬಿ!

ನಾದಿನಿಯ ಮನೆ ಅರಕಲಗೂಡು ಕಡೆಯ ಹಳ್ಳಿ. ಅವರ ಗುಮಾನಿ ಎರಡರ ಮೇಲೆ: ಒಂದು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಹೊಗೆ, ಇನ್ನೊಂದು ಬೇಲಿಯ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ ಈ ಪಾರ್ಥೇನಿಯಂ ನಮ್ಮ ರೈತರ ಚರ್ಮ ಸುಟ್ಟಿದ್ದು ನಿಜ. ಆದರೆ ಅದರ ಹುಣ್ಣು ಮುಖ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಬಂದು ಒರಟಾಗಿ ವಾರಗಟ್ಟಲೆ ಉಳಿಯುತ್ತದೆ. ನಮ್ಮದು ಒಂದು ಕಡೆ ಎದ್ದು ಕೆಲವು ಗಂಟೆಗಳಲ್ಲಿ ಅಡಗಿ ಇನ್ನೊಂದು ಕಡೆ ಏಳುವಂಥದ್ದು. ನಾದಿನಿ ಒಪ್ಪಲಿಲ್ಲ. ಗಿಡವನ್ನೆಲ್ಲ ಕೀಳಿಸಿದರು. ಆಮೇಲೆ ಗುಮಾನಿ ಕಣ್ಣುದೃಷ್ಟಿಯ ಮೇಲೆ ತಿರುಗಿತು. ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಕೆಮ್ಮಿ ಕೆಮ್ಮಿ ಮನೆಯವರೆಲ್ಲ ಅಂಗಳಕ್ಕೆ ಬಂದೆವು.

ಎಲ್ಲಕ್ಕಿಂತ ನೋಯಿಸಿದ ಗುಮಾನಿ ಹಾಸನದ ನಮ್ಮ ಮನೆಯೊಳಗಿನದೇ. "ರಾತ್ರಿ ಕೂತು ಕತೆ ಬರೀತೀರಿ, ಯಾರ್ಯಾರದೋ ಸಂಕಟ ತಲೆಗೆ ಹಚ್ಕೋತೀರಿ, ಅದು ಮೈಮೇಲೆ ಏಳುತ್ತೆ. ಸ್ವಲ್ಪ ದಿನ ಬಿಡಿ." ಯಜಮಾನರೂ ಹೇಳಿದರು, ಅಕ್ಕರೆಯಿಂದಲೇ. ಹೆಣ್ಣಿನ ಮೈಯಲ್ಲಿ ಕಾರಣ ಕಾಣದ ಏನೇ ಎದ್ದರೂ ಕೊನೆಗೆ ಅವಳ ಮನಸ್ಸಿನ ಮೇಲೆ ಬರುತ್ತದೆ, ಅಲ್ಲಿಂದ ಅವಳಿಗೆ ಪ್ರಿಯವಾದ ಕೆಲಸದ ಮೇಲೆ ಬರುತ್ತದೆ. ಬದನೆಕಾಯಿ ಬಿಟ್ಟಷ್ಟು ಸುಲಭವಾಗಿ ಇದನ್ನು ಬಿಡಲು ನಾವು ಒಪ್ಪಲಿಲ್ಲ.

ಉತ್ತರ ಸಿಕ್ಕಿದ್ದು, ಸಿಕ್ಕಷ್ಟು, ಚನ್ನರಾಯಪಟ್ಟಣದಲ್ಲಿ. 2019ರ ಡಿಸೆಂಬರಿನಲ್ಲಿ ಸಂಬಂಧಿಕರ ನಿಕಾಹಿಗೆ ಹೋಗಿದ್ದಾಗ ಸೊಂಟನೋವೆಂದು ಯಾರೋ ಒಂದು ಗುಳಿಗೆ ಕೊಟ್ಟರು. ಒಂದು ಗಂಟೆಯಲ್ಲಿ ತುಟಿ, ಕಣ್ಣುರೆಪ್ಪೆ ಊದಿಕೊಂಡವು. ಅಲ್ಲಿನ ಆಸ್ಪತ್ರೆಯ ಯುವ ವೈದ್ಯೆ ಉಸಿರಾಟ ನೋಡಿ, ಇಂಜೆಕ್ಷನ್ ಕೊಟ್ಟು, ಎರಡು ತಾಸು ಮಲಗಿಸಿಕೊಂಡರು. ಬಿರಿಯಾನಿಯನ್ನು ಬಯ್ಯುತ್ತಿದ್ದ ನೆಂಟರನ್ನು ಸುಮ್ಮನಾಗಿಸಿ, ಆಸ್ಪಿರಿನ್, ಐಬುಪ್ರೊಫೇನ್ ಜಾತಿಯ ನೋವಿನ ಗುಳಿಗೆಗಳು ಇಂಥ ಗಂಧೆಯನ್ನು ಕೆರಳಿಸುತ್ತವೆ, ಅವೇ ಮೂಲವಲ್ಲ ಎಂದರು. ಗಂಟಲು ಬಿಗಿದರೆ, ಉಸಿರು ಕಟ್ಟಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಬನ್ನಿ ಎಂದೂ ಹೇಳಿದರು.

"ಮೂಲ ಯಾವುದು ಹಾಗಾದರೆ?" ಎಂದೆವು. ಅವರು ಒಂದು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಚರ್ಮದ ಅಡಿಯಲ್ಲಿ ಮಾಸ್ಟ್ ಎಂಬ ಜೀವಕೋಶಗಳಿವೆ. ಅವು ಒಡೆದುಕೊಂಡಾಗ ಹಿಸ್ಟಮಿನ್ ಹೊರಬರುತ್ತದೆ, ಸಣ್ಣ ರಕ್ತನಾಳಗಳಿಂದ ನೀರು ಒಸರಿ ಚರ್ಮ ಉಬ್ಬುತ್ತದೆ. 1878ರಲ್ಲಿ ಪಾಲ್ ಎರ್ಲಿಕ್ ಎಂಬ ಜರ್ಮನ್ ವಿದ್ಯಾರ್ಥಿ ಅವುಗಳಿಗೆ ಆ ಹೆಸರಿಟ್ಟದ್ದು, ಅವು ತಿಂದು ಕೊಬ್ಬಿದಂತೆ ಕಂಡವೆಂದು. ನಮ್ಮ ಉರ್ದು ಕಿವಿಗೆ ಅದು 'ಮಸ್ತ್' ಎಂದು ಕೇಳಿಸಿತು; ಅವು ಮಾಡುವ ದಾಂಧಲೆಗೆ ಆ ಹೆಸರೇ ಸರಿ. ಆರು ವಾರ ಮೀರಿ ತಾನಾಗಿ ಏಳುವ ಗಂಧೆಯಲ್ಲಿ ಹೊರಗಿನ ಕಾರಣ ಹೆಚ್ಚಾಗಿ ಸಿಗುವುದೇ ಇಲ್ಲ, ಆಹಾರವಂತೂ ತೀರಾ ಅಪರೂಪ. ಬಹಳ ಜನರಲ್ಲಿ ಮೈಯ ರಕ್ಷಣಾವ್ಯವಸ್ಥೆಯೇ ದಾರಿ ತಪ್ಪಿ ತನ್ನವರ ಮೇಲೆಯೇ ಪ್ರತಿಕಾಯಗಳನ್ನು ಛೂ ಬಿಡುತ್ತದೆ. ಥೈರಾಯ್ಡಿನ ತೊಂದರೆ ಇಂಥವರಲ್ಲಿ ಹೆಚ್ಚು, ಹಾಗಾಗಿ ಆ ಪರೀಕ್ಷೆ ಮಾಡಿಸಿ ಎಂದರು. ನೂರರಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದಂತೆ, ಗಂಡಸರಿಗಿಂತ ಹೆಂಗಸರಿಗೆ ಸುಮಾರು ಎರಡು ಪಟ್ಟು. ಕೆಲವು ವರ್ಷಗಳಲ್ಲಿ ಬಹುತೇಕರಲ್ಲಿ ತಾನಾಗಿಯೇ ಅಡಗುತ್ತದೆ, ಅದೂ ಕಾರಣ ಹೇಳದೆಯೇ.

ಕತೆ ಬರೆಯುವವರಿಗೆ ಇದು ಕಷ್ಟದ ಮಾತು. ಕತೆಯಲ್ಲಿ ಸುಮ್ಮಸುಮ್ಮನೆ ಏನೂ ನಡೆಯಕೂಡದು, ನಡೆದರೆ ಓದುಗರು ಬಿಡುವುದಿಲ್ಲ. ರೋಗ ಇಳಿಸಿದವನು ಮದ್ದನ್ನೂ ಇಳಿಸಿದ್ದಾನೆಂದು ಅಮ್ಮ ಹದೀಸ್ ನೆನಪಿಸಿ ಧೈರ್ಯ ಹೇಳುತ್ತಿದ್ದರು. ಹಾಸನಕ್ಕೆ ಮರಳುವ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆವು. ಅಲ್ಲಿ ಭರವಸೆ ಇರುವುದು ಮದ್ದಿನ ಬಗ್ಗೆ, ಕಾರಣದ ಬಗ್ಗೆ ಅಲ್ಲ.

ಮೂರೇ ತಿಂಗಳಲ್ಲಿ ಕೊರೊನಾ ಬಂತು. 2020ರ ಏಪ್ರಿಲ್. ದಿಲ್ಲಿಯ ತಬ್ಲೀಗ್ ಜಮಾಅತಿನ ಸುದ್ದಿಯನ್ನು ಟಿ.ವಿ.ಗಳು ಹಗಲೂ ರಾತ್ರಿ ಅರೆಯುತ್ತಿದ್ದ ದಿನಗಳು. ಗುಳಿಗೆ ಮುಗಿದು ಔಷಧಿ ಅಂಗಡಿಯೆದುರು ಸಾಲಿನಲ್ಲಿ ನಿಂತಿದ್ದೆವು, ಬುರ್ಖಾದ ತೋಳು ಸರಿದು ಮುಂಗೈಯ ದದ್ದು ಕಾಣಿಸಿತು. ಹಿಂದಿದ್ದವರು ನಾಲ್ಕು ಹೆಜ್ಜೆ ಸರಿದರು. ಯಾರೋ ಮೆಲ್ಲಗೆ ಏನೋ ಅಂದರು. ಅಂಟುರೋಗವಲ್ಲವೆಂದು ವಿವರಿಸಲು ಬಾಯಿ ತೆರೆದು, ಮುಚ್ಚಿದೆವು. ಅದೇ ವರ್ಷ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಜಮಾಅತಿನ ವಿದೇಶಿಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಿ, ಅವರನ್ನು ಬಲಿಪಶುಗಳನ್ನಾಗಿ ಮಾಡಿದಂತೆ ಕಾಣುತ್ತದೆ ಎಂಬರ್ಥದ ಮಾತು ಹೇಳಿತು. ಅಷ್ಟರಲ್ಲಿ ತರಕಾರಿ ಮಾರುವ ನಮ್ಮ ಹುಡುಗರು ಎಷ್ಟು ಬೀದಿಗಳಿಂದ ಗಾಡಿ ತಳ್ಳಿಕೊಂಡು ವಾಪಸು ಬಂದಿದ್ದರೋ. ಅಡುಗೆಮನೆಯಲ್ಲಿ ಬದನೆಕಾಯಿಗೆ ಆದದ್ದೇ ಊರಿನಲ್ಲಿ ಅವರಿಗೂ ಆಯಿತು.

ಈಗ ದಿನಕ್ಕೊಂದು ಗುಳಿಗೆ, ಎದ್ದಾಗಷ್ಟೇ ಅಲ್ಲ, ಏಳದಿದ್ದಾಗಲೂ. ಹಾಸನದ ಚರ್ಮವೈದ್ಯರ ಸಲಹೆ ಅದು. ಜೋರಾದಾಗ ಅವರನ್ನು ಕೇಳಿ ಪ್ರಮಾಣ ಏರಿಸುತ್ತೇವೆ. ಇದಕ್ಕೂ ಬಗ್ಗದವರಿಗೆ ಒಮಾಲಿಝುಮ್ಯಾಬ್ ಎಂಬ ಚುಚ್ಚುಮದ್ದು ಇದೆ. ಬೆಲೆ ಕೇಳಿದರೆ ಹೊಸದಾಗಿ ಗಂಧೆ ಏಳುತ್ತದೆ. ಕೆಲವು ವಾರ ಏನೂ ಇರುವುದಿಲ್ಲ. ಮತ್ತೆ ಒಂದು ಸಂಜೆ ಉಗುರು ತಾಗಿದಲ್ಲೆಲ್ಲ ಗೀರು ಉಬ್ಬುತ್ತದೆ. ಚಿಕ್ಕ ಮಗ ನಮ್ಮ ತೋಳಿನ ಮೇಲೆ ಬೆರಳಿನಿಂದ 'ಅ' ಬರೆದು, ಪಕ್ಕದಲ್ಲಿ 'ಅಲಿಫ್' ಎಳೆದು, ಅವು ಮೇಲೇಳುವುದನ್ನು ಕಾಯುತ್ತಾನೆ. ಅಲಿಫ್ ಮೊದಲು ಏಳುತ್ತದೆ. ನೆಟ್ಟಗಿನ ಗೆರೆಯಲ್ಲವೇ.

ಅಡುಗೆಮನೆಗೆ ಎಲ್ಲವೂ ಮರಳಿವೆ. ಕಳೆದ ತಿಂಗಳು ಚನ್ನರಾಯಪಟ್ಟಣದ ಅದೇ ನೆಂಟರು ಫೋನ್ ಮಾಡಿದರು. ಪಿಯುಸಿ ಓದುವ ಮಗಳಿಗೆ ಎರಡು ತಿಂಗಳಿಂದ ಗಂಧೆ, ಏನೇನು ಬಿಡಿಸಬೇಕು ಎಂದು ಕೇಳಿದರು. ಏನೂ ಬಿಡಿಸಬೇಡಿ, ನೋವಿನ ಗುಳಿಗೆಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ, ಎದ್ದಾಗ ಫೋಟೊ ತೆಗೆದಿಡಿ, ಥೈರಾಯ್ಡ್ ನೋಡಿಸಿ ಎಂದೆವು. "ಇವಳು ಪರೀಕ್ಷೆಗೆ ಜಾಸ್ತಿ ಓದ್ತಾಳೆ, ಅದಕ್ಕೇನೋ" ಎಂದರು. ಫೋನನ್ನು ಹುಡುಗಿಯ ಕೈಗೇ ಕೊಡಿ ಎಂದೆವು.